ಪ್ಲಾಕ್ ಬಯಾಪ್ಸಿ ವರದಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಅಪ್ಪಯ್ಯನ ಕುತ್ತಿಗೆಯ ರಕ್ತನಾಳದಿಂದ ತೆಗೆದ, ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಪ್ಪಗಾದ ಪದರದ, ಅಂದರೆ ಪ್ಲಾಕ್‌ನ ವರದಿಯಲ್ಲಿ ‘ಕೊಬ್ಬಿನ ತಿರುಳಿದೆ, ಹೊದಿಕೆ ಹರಿದಿದೆ’ ಎಂದಿದೆ. ಪೂರ್ತಿ ನಂಬಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ತಿರುಳಿನ ಮಾತು ನಂಬಿ. ತಿರುಳನ್ನು ಮುಚ್ಚಿರುವ ಹೊದಿಕೆಯ ಬಗ್ಗೆ ಮಾತ್ರ ಒಂದು ವಿಷಯ ವಿಚಾರಿಸಿ. ಪ್ಲಾಕ್ ಸುಲಿದು ತೆಗೆಯುವಾಗ ಉಪಕರಣ ತಾಗಿಯೂ ಹೊದಿಕೆ ಸೀಳುತ್ತದೆ. ಸೀಳಿಗೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟುವಾಗ ಆಗುವ ನಾರು) ಅಥವಾ ಹೆಪ್ಪುಗಟ್ಟಿದ ರಕ್ತ ಅಂಟಿದ್ದರೆ ಅದು ಬಹುತೇಕ ದೇಹದೊಳಗೇ ಆದದ್ದು. ಅಂಚು ಶುಭ್ರವಾಗಿದ್ದರೆ ಅನುಮಾನಿಸಬೇಕು.

ಇನ್ನೊಂದು ತೊಡಕು ಪ್ಲಾಕಿನಲ್ಲಿ ಸೇರಿಕೊಂಡ ಸುಣ್ಣ (ಕ್ಯಾಲ್ಸಿಯಂ). ಗಟ್ಟಿ ಪ್ಲಾಕನ್ನು ಹಾಗೇ ಕೊಯ್ದರೆ ಚೂರಾಗುತ್ತದೆ. ಕ್ಯಾಲ್ಸಿಯಂ ಹೀರಿ ತೆಗೆಯುವ ಇಡಿಟಿಎ ದ್ರಾವಣದಲ್ಲಿ ಸುಣ್ಣ ಕರಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಅವಸರಕ್ಕೆ ಕಟು ಆಮ್ಲ ಬಳಸಿದರೆ ಕೋಶಕೇಂದ್ರಗಳಿಗೆ ಬಣ್ಣ ಸರಿಯಾಗಿ ಹಿಡಿಯದು. ಕೊಬ್ಬಂತೂ ತೆಳುವಾಗಿ ಕೊಯ್ಯಲೆಂದು ಮೇಣದಲ್ಲಿ ಕೂರಿಸುವ ಮೊದಲೇ ಝೈಲೀನ್ ಎಂಬ ದ್ರಾವಕದಲ್ಲಿ ಕರಗಿಹೋಗಿರುತ್ತದೆ. ಕಾಣುವುದು ಕೊಲೆಸ್ಟರಾಲ್ ಹರಳುಗಳಿದ್ದ ಖಾಲಿ ಜಾಗ; ತಿರುಳನ್ನು ಗುರುತಿಸುವುದು ಅದರಿಂದಲೇ.

ಸೂಕ್ಷ್ಮದರ್ಶಕದಲ್ಲಿ ನೋಡುವ ಪರೆಯ (ತೆಳು ಹೋಳಿನ) ದಪ್ಪ 4–5 ಮೈಕ್ರಾನ್, ಅಂದರೆ ಮಿ.ಮೀ.ನ ಸಾವಿರದ 4–5 ಭಾಗ ಅಷ್ಟೇ; ಒಂದು ಪರೆಯಲ್ಲಿ ಪ್ಲಾಕಿನ ಒಂದು ಕಡೆ ಮಾತ್ರ ಕಾಣುತ್ತದೆ. ಆದ್ದರಿಂದ 3–5 ಮಿ.ಮೀ. ಅಂತರದಲ್ಲಿ ಇಡೀ ಪ್ಲಾಕನ್ನು ಅಡ್ಡ ಕೊಯ್ದು ನೋಡಿದ್ದಾರೆಯೇ ಕೇಳಿ. ‘ಹರಿದಿಲ್ಲ’ ಎಂದು ಬರೆದಿದ್ದರೆ ಈ ಪ್ರಶ್ನೆ ಇನ್ನೂ ಮುಖ್ಯವಾಗುತ್ತಿತ್ತು. ಎರಡನೇ ಅಭಿಪ್ರಾಯಕ್ಕೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುವುದಾದರೆ ಬರೀ ವರದಿ ಸಾಲದು, ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಕೇಳಿ ಪಡೆದು ಒಯ್ಯಿರಿ. ಅಷ್ಟರವರೆಗೆ ವೈದ್ಯರು ಕೊಟ್ಟ ಆಸ್ಪಿರಿನ್, ಸ್ಟ್ಯಾಟಿನ್ ಮಾತ್ರೆಗಳನ್ನು ನಿಲ್ಲಿಸಬೇಡಿ.