‘ಆಯ್ತಣ್ಣ, ಲೋಡ್ ಹಾಕಿ’: ಒಂದು ಆಪ್ತಸಲಹೆ ಪ್ರಕರಣ

ಹಾವೇರಿ ಭಾಗದ ಲಾರಿ ಮಾಲೀಕರೊಬ್ಬರು ನಿದ್ರಾಹೀನತೆ ಮತ್ತು ಮನೆಯವರ ಮೇಲಿನ ಸಿಡುಕಿನ ಕಾರಣಕ್ಕೆ, ಪತ್ನಿಯ ಒತ್ತಾಯದ ಮೇರೆಗೆ ಸಲಹೆಗೆ ಬಂದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವರನ್ನು ‘ಬ’ ಎಂದಷ್ಟೇ ಕರೆಯುತ್ತೇನೆ. ಸ್ವಂತ ಹತ್ತು ಚಕ್ರದ ಲಾರಿಯನ್ನು ತಾವೇ ಓಡಿಸುವ ಅವರು ಬ್ಯಾಡಗಿಯಿಂದ ಮೆಣಸಿನಕಾಯಿಯನ್ನು ನವಿ ಮುಂಬೈನ ವಾಶಿಗೆ ಒಯ್ದು, ಅಲ್ಲಿ ಸಿಕ್ಕ ಸರಕನ್ನು ತುಂಬಿಕೊಂಡು ಮರಳುತ್ತಾರೆ.

ಮಾತು ಮುಂದುವರಿದಂತೆ ತಿಳಿದದ್ದೇನೆಂದರೆ, ಲೋಡ್ ಕೊಡಿಸುವ ಬ್ರೋಕರ್ ಫೋನಿನಲ್ಲಿ ಹೇಳಿದ ಬಾಡಿಗೆಗೆ ‘ಬ’ ಒಮ್ಮೆಯೂ ಎದುರು ಮಾತು ಆಡಿದವರಲ್ಲ. ಲಾರಿ ಕೊಳ್ಳುವಾಗ ಮುಂಗಡಕ್ಕೆ ಕಡಿಮೆ ಬಿದ್ದ ಹಣವನ್ನು ಇದೇ ಬ್ರೋಕರ್ ಕೈಗಡ ಕೊಟ್ಟಿದ್ದರು. ಆ ಸಾಲ ಎಂದೋ ತೀರಿದ್ದರೂ ದಾಕ್ಷಿಣ್ಯ ತೀರಿರಲಿಲ್ಲ. ‘ಹಿಂದೆ ನಾಲ್ಕು ಗಾಡಿ ನಿಂತಾವ, ಬೇಕಾದ್ರ ತಗೋ’ ಎಂದೊಡನೆ ಇವರು ಒಪ್ಪಿಬಿಡುತ್ತಿದ್ದರು. ಆಮೇಲೆ ರಾತ್ರಿಯಿಡೀ ಸ್ಟೇರಿಂಗ್ ಹಿಡಿದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಉಪಕಾರ ಮಾಡಿದವರ ಬಳಿ ದರ ಕೇಳುವುದು ಕೃತಘ್ನತೆ ಎಂಬ ಭಾವನೆ ಲಾರಿ ಧಂದೆಗೆ ಮಾತ್ರ ಸೀಮಿತವಲ್ಲ. ಆದರೆ ಅದು ಪ್ರತಿ ಟ್ರಿಪ್ಪಿನಲ್ಲೂ ಹಣವಾಗಿ ಸೋರಿಹೋಗುವುದು ಇಲ್ಲಿ ಕಣ್ಣಿಗೇ ಕಾಣುತ್ತಿತ್ತು.

ಮುಂದಿನ ಭೇಟಿಗೆ ಪತ್ನಿಯನ್ನೂ ಕರೆದು, ಮೂವರೂ ಕೂತು ಲೆಕ್ಕ ಬರೆದೆವು. ಹೋಗಿ ಬರುವ ದಾರಿ ಸುಮಾರು 1,300 ಕಿ.ಮೀ.; ಲೀಟರಿಗೆ ನಾಲ್ಕು ಕಿ.ಮೀ. ಹಿಡಿದರೂ 325 ಲೀಟರ್ ಡೀಸೆಲ್, ಅಂದರೆ ಲೀಟರಿಗೆ 90 ರೂಪಾಯಿಯಂತೆ 29,000 ರೂಪಾಯಿಗೂ ಹೆಚ್ಚು. ಅದರ ಮೇಲೆ ಟೋಲ್, ಟೈರ್ ಸವೆತ, ವಿಮೆ, ಕಂತಿನ ಪಾಲು, ಹಮಾಲಿ, ಬ್ರೋಕರ್ ಕಮಿಷನ್, ಕೊನೆಯಲ್ಲಿ ‘ಬ’ ಅವರ ಸ್ವಂತ ಕೂಲಿ. ಈ ಕೊನೆಯ ಬಾಬ್ತನ್ನು ಅವರು ಅದುವರೆಗೆ ಬರೆದೇ ಇರಲಿಲ್ಲ.

ಖಾಲಿ ಬರುವುದಕ್ಕಿಂತ ಸಿಕ್ಕಷ್ಟಕ್ಕೆ ತುಂಬುವುದು ಮೇಲು ಎಂಬ ಅವರ ವಾದವನ್ನು ನಾನು ತಳ್ಳಿಹಾಕಲಿಲ್ಲ, ಏಕೆಂದರೆ ರಿಟರ್ನ್ ಲೋಡ್ ಮಟ್ಟಿಗೆ ಅದು ನಿಜವೇ: ಟೋಲೂ ಕಂತೂ ಹೇಗಿದ್ದರೂ ತಪ್ಪದಿರುವಾಗ, ಹೆಚ್ಚುವರಿ ಡೀಸೆಲ್, ಹಮಾಲಿ ಮತ್ತು ಕಾಯುವ ದಿನಗಳ ಖರ್ಚನ್ನು ಮೀರಿ ಬಂದದ್ದೆಲ್ಲ ಲಾಭ. ಆದರೆ ಊರಿನಲ್ಲಿ, ಮನೆಯ ಊಟ ಮಾಡಿಕೊಂಡು ಒಂದೆರಡು ದಿನ ಕಾಯಬಲ್ಲ ಜಾಗದಲ್ಲೂ ಅದೇ ತರ್ಕವನ್ನು ಅನ್ವಯಿಸಿಕೊಂಡದ್ದು ಅವರನ್ನು ಮುಳುಗಿಸುತ್ತಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ಹೋಗಿ ಬರುವ ಎರಡೂ ಬಾಡಿಗೆಗಳನ್ನು ಒಂದೇ ಲೆಕ್ಕವಾಗಿ ನೋಡಿ, ಊರಿಂದ ಹೊರಡುವ ಕನಿಷ್ಠ ದರವನ್ನು ಫೋನ್ ಬರುವ ಮೊದಲೇ ಬರೆದಿಡಬೇಕು. ಗಾಡಿ ಓಡಿಸುತ್ತ ದರ ಮಾತನಾಡಕೂಡದು. ‘ಲೆಕ್ಕ ನೋಡಿ ಹತ್ತು ನಿಮಿಷದಲ್ಲಿ ಹೇಳ್ತೀನಿ’ ಎಂಬ ಒಂದು ವಾಕ್ಯ ಸಾಕು. ನಾನೇ ಬ್ರೋಕರ್ ಆಗಿ ಆ ವಾಕ್ಯವನ್ನು ಅವರಿಂದ ಮತ್ತೆ ಮತ್ತೆ ಹೇಳಿಸಿದೆ. ಮೊದಮೊದಲು ಅವರು ಅದರ ಹಿಂದೆ ಕ್ಷಮೆಯನ್ನೂ ಸೇರಿಸುತ್ತಿದ್ದರು. ದರ ಏರದಿದ್ದರೆ ಅಡ್ವಾನ್ಸ್ ಎಷ್ಟು, ಅನ್‌ಲೋಡ್ ತಡವಾದರೆ ಹಾಲ್ಟಿಂಗ್ (ಗಾಡಿ ಕಾದು ನಿಂತದ್ದರ ಹಣ) ಎಷ್ಟು, ಹಮಾಲಿ ಯಾರದು, ಸಹಿಯಾದ ಎಲ್‌ಆರ್ (ಸರಕು ಸಾಗಣೆಯ ರಸೀದಿ) ತಲುಪಿದ ಎಷ್ಟು ದಿನಕ್ಕೆ ಬ್ಯಾಲೆನ್ಸ್ (ಉಳಿದ ಬಾಡಿಗೆ) ಎಂಬುದನ್ನು ಕೇಳಿ, ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಬೇಕು. ದರದಲ್ಲಿ ಬಿಗಿಯಾಗಿರುವ ಬ್ರೋಕರ್ ಈ ವಿಷಯಗಳಲ್ಲಿ ಸಡಿಲವಾಗಬಹುದು, ಏಕೆಂದರೆ ಅವರ ಕೈಯನ್ನೂ ಸರಕಿನ ಮಾಲೀಕ ಕಟ್ಟಿರುತ್ತಾನೆ. ಬಾಡಿಗೆ ಸರಿದೂಗಿಸಲು ಎರಡು ಟನ್ ಹೆಚ್ಚು ತುಂಬುವ ಆಮಿಷಕ್ಕೆ ಮಾತ್ರ ಚರ್ಚೆಯಿಲ್ಲದೆ ಇಲ್ಲವೆನ್ನಬೇಕು: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದರ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000.

ಬ್ರೋಕರ್ ಕಡೆಯಿಂದ ಬರಬೇಕಾದ ಹಳೆಯ ಬ್ಯಾಲೆನ್ಸ್ ವಸೂಲಿ ನನ್ನ ಕ್ಷೇತ್ರವಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿನ ‘ಸಾಗಣೆದಾರ’ (ಕಾಮನ್ ಕ್ಯಾರಿಯರ್) ಎಂಬುದರ ವ್ಯಾಖ್ಯೆಯಲ್ಲಿ ಬ್ರೋಕರೂ ಸೇರುತ್ತಾರೆ ಎಂಬುದನ್ನು ತಿಳಿಸಿ, ಎಲ್‌ಆರ್ ಪ್ರತಿಗಳೊಂದಿಗೆ ವಕೀಲರನ್ನು ಕಾಣಲು ಹೇಳಿದೆ.

ಹೊಸ ರೀತಿಯಲ್ಲಿ ಮಾತನಾಡಿದ ಮೊದಲ ಸಲ ಲೋಡ್ ಬೇರೆ ಗಾಡಿಗೆ ಹೋಯಿತು. ಲಾರಿ ಎರಡು ದಿನ ನಿಂತಿತು, ಮನೆಯಲ್ಲಿ ಜಗಳವೂ ಆಯಿತು. ಆ ಬಳಿಕ ಅದೇ ಬ್ರೋಕರ್ ಕರೆದು, ದರವನ್ನು ಸ್ವಲ್ಪವೇ ಏರಿಸಿ, ಹಾಲ್ಟಿಂಗ್ ಒಪ್ಪಿಕೊಂಡರು. ‘ಬ’ ಈಗ ಇನ್ನಿಬ್ಬರು ಬ್ರೋಕರ್‌ಗಳ ದರವನ್ನೂ ವಿಚಾರಿಸುತ್ತಾರೆ. ನಿದ್ರೆ ಇನ್ನೂ ಪೂರ್ಣ ಸುಧಾರಿಸಿಲ್ಲವಾದ್ದರಿಂದ ವೈದ್ಯರ ಬಳಿಗೂ ಕಳುಹಿಸಿದ್ದೇನೆ. ನಿದ್ರೆ ಸರಿಹೋಗುವವರೆಗೆ ರಾತ್ರಿ ಓಡಿಸಬೇಕಾದ ಲೋಡ್ ಹಿಡಿಯುವುದಿಲ್ಲವೆಂದು ಒಪ್ಪಿದ್ದಾರೆ.