ಆರೋಪ ಹೊತ್ತವರಿಗೆ ಜೈಕಾರ ಏಕೆ?

ಪ್ರಶ್ನೆ: 2023ರಲ್ಲಿ, ಆಗ ಅಮೆರಿಕದ ಮಾಜಿ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಅವರ ಮೇಲೆ ಕ್ರಿಮಿನಲ್ ಆರೋಪಗಳು ಬಂದಾಗ ಅವರ ಪಕ್ಷದೊಳಗೆ ಬೆಂಬಲ ಕುಗ್ಗುವ ಬದಲು ಹೆಚ್ಚಿತು. ನಮ್ಮಲ್ಲಿಯೂ ಮಾಜಿ ನಾಯಕರೊಬ್ಬರ ಮೇಲೆ ಮೊಕದ್ದಮೆ ಬಿದ್ದರೆ ಒಂದು ಗುಂಪು ಪಟಾಕಿ ಹೊಡೆಯುತ್ತದೆ, ಇನ್ನೊಂದು ಗುಂಪು ಟೈರು ಸುಡುತ್ತದೆ. ಮಂಡಕ್ಕಿ ಅಂಗಡಿಯ ಮುಂದೆ ಸಂಜೆ ಸೇರುವ ನಮ್ಮ ಗೆಳೆಯರಲ್ಲಿ ಈ ವಾದ ಮುಗಿದಿಲ್ಲ. ತಪ್ಪು ಮಾಡಿದವರನ್ನು ತಪ್ಪಿತಸ್ಥರೆನ್ನಲು ಜನರಿಗೆ ಏನು ಅಡ್ಡಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಜನರು ಇಂಥ ಸಂದರ್ಭದಲ್ಲಿ ಆರೋಪಿಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಆರೋಪ ಹೊರಿಸಿದವರನ್ನು ಅಳೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ‘ಇವರು ಮಾಡಿದ್ದಾರೆಯೇ’ ಎಂಬ ಪ್ರಶ್ನೆಗಿಂತ ಮೊದಲು ‘ಈಗಲೇ ಏಕೆ, ಇವರ ಮೇಲೆಯೇ ಏಕೆ’ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುತ್ತದೆ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಸಾಕ್ಷ್ಯ ಎಷ್ಟೇ ಗಟ್ಟಿಯಾಗಿದ್ದರೂ ಅದು ಅರ್ಧ ಜನರ ಕಿವಿಗೆ ತಲುಪುವುದಿಲ್ಲ.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಿಮ್ಮ ನೆರೆಯ ಚಿಕ್ಕಮಗಳೂರೇ ಸಾಕು. 1977ರ ಚುನಾವಣೆಯಲ್ಲಿ ಸೋತು ಮಾಜಿ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರನ್ನು ಜನತಾ ಸರ್ಕಾರ ಅದೇ ವರ್ಷ ಅಕ್ಟೋಬರ್ 3ರಂದು ಬಂಧಿಸಿತು. ಚುನಾವಣಾ ಪ್ರಚಾರಕ್ಕೆ ಜೀಪುಗಳನ್ನು ಪಡೆದ ವಿಷಯ ಮತ್ತು ತೈಲಕ್ಕೆ ಸಂಬಂಧಿಸಿದ ಒಂದು ಗುತ್ತಿಗೆ ಆರೋಪದಲ್ಲಿದ್ದವು. ಮರುದಿನವೇ, ಬಂಧನಕ್ಕೆ ತಕ್ಕ ಆಧಾರವಿಲ್ಲವೆಂದು ಮ್ಯಾಜಿಸ್ಟ್ರೇಟರು ಅವರನ್ನು ಬಿಡುಗಡೆ ಮಾಡಿದರು. ತುರ್ತು ಪರಿಸ್ಥಿತಿಯ ಕಹಿಯನ್ನು ಉಂಡಿದ್ದ ಜನರಿಗೆ ಅವರ ಮೇಲೆ ಸಿಟ್ಟಿರಲಿಲ್ಲವೆಂದಲ್ಲ. ಆದರೆ ಆತುರದಲ್ಲಿ ಹೂಡಿದ ಆ ಮೊಕದ್ದಮೆ ಸಿಟ್ಟನ್ನು ಅನುಕಂಪವಾಗಿ ಬದಲಿಸಿತು. 1978ರ ನವೆಂಬರಿನಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಕ್ಷೇತ್ರದಲ್ಲಿ ಇಂದಿರಾ ಅವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ನಿಮ್ಮ ಊರಿನ ಹಿರಿಯರಲ್ಲಿ ಆ ಚುನಾವಣೆಯ ಗದ್ದಲವನ್ನು ಕಂಡವರು ಇನ್ನೂ ಇದ್ದಾರು, ಕೇಳಿನೋಡಿ.

ಟ್ರಂಪ್ ಅವರ ವಿಷಯದಲ್ಲಿ ಒಂದಲ್ಲ, ನಾಲ್ಕು ಮೊಕದ್ದಮೆಗಳು ಒಂದೇ ವರ್ಷದಲ್ಲಿ ಬಂದವು. ಅವುಗಳಲ್ಲಿ ರಹಸ್ಯ ದಾಖಲೆಗಳನ್ನು ಮನೆಯಲ್ಲಿಟ್ಟುಕೊಂಡದ್ದು ಮತ್ತು 2020ರ ಚುನಾವಣಾ ಫಲಿತಾಂಶವನ್ನು ಬುಡಮೇಲು ಮಾಡಲು ಯತ್ನಿಸಿದ್ದು ಗಂಭೀರ ಆರೋಪಗಳು. ಆದರೆ ಮೊದಲು ಬಂದದ್ದೂ ವಿಚಾರಣೆ ಮುಗಿದದ್ದೂ ನಟಿಯೊಬ್ಬರ ಬಾಯಿ ಮುಚ್ಚಿಸಲು ಕೊಟ್ಟ ಹಣವನ್ನು ಲೆಕ್ಕಪತ್ರದಲ್ಲಿ ವಕೀಲರ ಶುಲ್ಕವೆಂದು ತೋರಿಸಿದರೆಂಬ ನ್ಯೂಯಾರ್ಕಿನ ಪ್ರಕರಣ. ಹಗುರವಾದದ್ದು ಮುಂದೆ ಬಂದು ಭಾರವಾದದ್ದು ಹಿಂದುಳಿದದ್ದೇ ‘ಇದೆಲ್ಲ ದ್ವೇಷ’ ಎನ್ನುವವರ ವಾದಕ್ಕೆ ಬಲ ಕೊಟ್ಟಿತು. ಅಟ್ಲಾಂಟಾದ ಜೈಲಿನಲ್ಲಿ ತೆಗೆದ ಅವರ ಭಾವಚಿತ್ರವನ್ನು ಅವರ ಪ್ರಚಾರ ತಂಡವೇ ಅಂಗಿ, ಲೋಟಗಳ ಮೇಲೆ ಅಚ್ಚು ಹಾಕಿಸಿ ಮಾರಿತು. (ಪೊಲೀಸರು ತೆಗೆದ ಚಿತ್ರವನ್ನು ಮುಚ್ಚಿಡುವುದೇ ವಾಡಿಕೆಯಾಗಿರುವ ನಮಗೆ ಇದು ಸೋಜಿಗ.) 2024ರ ಮೇ 30ರಂದು 34 ಆರೋಪಗಳಲ್ಲಿಯೂ ಅವರು ತಪ್ಪಿತಸ್ಥರೆಂದು ತೀರ್ಪುಗಾರರ ಮಂಡಳಿ ಹೇಳಿತು, ನವೆಂಬರಿನಲ್ಲಿ ಅವರು ಮತ್ತೆ ಅಧ್ಯಕ್ಷರಾಗಿ ಆಯ್ಕೆಯಾದರು.

ಇದರರ್ಥ ಅನುಕಂಪವೆಲ್ಲ ನ್ಯಾಯವಾದದ್ದು ಎಂದಲ್ಲ. ಎರಡೂ ಗುಂಪುಗಳು ಒಂದೇ ತಪ್ಪು ಮಾಡುತ್ತವೆ: ಎಫ್‌ಐಆರ್, ದೋಷಾರೋಪ ಪಟ್ಟಿ, ತೀರ್ಪು ಈ ಮೂರನ್ನೂ ಒಂದೇ ಎಂದು ಭಾವಿಸುತ್ತವೆ. ಮೊದಲನೆಯದು ದೂರಿನ ದಾಖಲೆ, ಎರಡನೆಯದು ತನಿಖಾಧಿಕಾರಿ ನ್ಯಾಯಾಲಯಕ್ಕೆ ಒಪ್ಪಿಸುವ ವರದಿ. ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವುದು ಮೂರನೆಯದು ಮಾತ್ರ, ಅದೂ ಮೇಲ್ಮನವಿಯಲ್ಲಿ ಬದಲಾಗಬಹುದು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ನೆನೆಯಿರಿ. ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರಲ್ಲಿ ಶಿಕ್ಷೆ ವಿಧಿಸಿತು, ಮರುವರ್ಷ ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಮೊದಲ ತೀರ್ಪನ್ನೇ ಎತ್ತಿಹಿಡಿದಾಗ ಅವರು ತೀರಿಹೋಗಿದ್ದರು. ಪ್ರತಿ ಹಂತದಲ್ಲಿಯೂ ಒಂದು ಕಡೆಯವರು ಸಿಹಿ ಹಂಚಿದ್ದರು.

ಪ್ರಶ್ನೆ: ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೂ ಚುನಾವಣೆಗೆ ನಿಲ್ಲಬಹುದೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಲ್ಲಬಹುದು. ನಮ್ಮ ಪ್ರಜಾಪ್ರಾತಿನಿಧ್ಯ ಕಾಯ್ದೆಯ 8ನೇ ಕಲಮಿನ ಪ್ರಕಾರ ಅನರ್ಹತೆ ಬರುವುದು ಅಪರಾಧ ಸಾಬೀತಾದಾಗ. ಸಾಮಾನ್ಯವಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಬಿಡುಗಡೆಯ ನಂತರವೂ ಆರು ವರ್ಷ ಸ್ಪರ್ಧಿಸುವಂತಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಗೆ ಈ ನಿರ್ಬಂಧವಿಲ್ಲ. ದೋಷಾರೋಪದ ಹಂತದಲ್ಲಿಯೇ ತಡೆಯುವುದು ನ್ಯಾಯಾಲಯದ ಕೆಲಸವಲ್ಲ, ಸಂಸತ್ತು ಕಾನೂನು ಮಾಡಲಿ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರಿನಲ್ಲಿ ಹೇಳಿತು. ಆದರೆ ಅಭ್ಯರ್ಥಿಯೂ ಪಕ್ಷವೂ ಬಾಕಿಯಿರುವ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಕನಿಷ್ಠ ಮೂರು ಬಾರಿ ಪ್ರಕಟಿಸಬೇಕೆಂದು ಆದೇಶಿಸಿತು. ಮುಂದಿನ ಚುನಾವಣೆಯಲ್ಲಿ ಒಳಪುಟದ ಆ ಪ್ರಕಟಣೆಯನ್ನು ಒಮ್ಮೆ ಹುಡುಕಿ ಓದಿ. ಅದರಲ್ಲಿ ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು, ಅದು ಯಾವ ಹಂತದಲ್ಲಿದೆ ಎಂಬುದು ಇರುತ್ತದೆ.