ಡ್ಯಾಮಿಗೆ ಬಾಂಬು ಬಿದ್ದರೆ ಮೊದಲು ಹೆದರಬೇಕು

ನಮಸ್ಕಾರ. ತುಂಗಭದ್ರಾ ಹಿನ್ನೀರಿಗೆ ವಿದೇಶಿ ವಿಮಾನದಿಂದ ಅಣುಬಾಂಬು ಬೀಳುತ್ತದೆ, ಮುನಿರಾಬಾದಿನಿಂದ ದೆಹಲಿವರೆಗೆ ಎಲ್ಲರೂ ಅದನ್ನು ಹುಡುಕುತ್ತಾರೆ ಅನ್ನುವ ನಿಮ್ಮ ಕಾಮಿಡಿ ಚಿತ್ರಕಥೆ ಪೂರ್ತಿ ಓದಿದೆ. ಕಥೆಯ ಎಳೆ ತುಂಬಾ ಇಷ್ಟವಾಯಿತು. ಆದರೆ ಈಗ ಇರುವ ಹಾಗೆ ನಾವು ತೆಗೆದುಕೊಳ್ಳುವುದಿಲ್ಲ.

ನಿಮ್ಮ ಪಾತ್ರಗಳಿಗೆಲ್ಲ ತಾವು ನಗಿಸೋಕೆ ಬಂದವರು ಅಂತ ಗೊತ್ತಿದೆ. ಜನರಲ್ ಜೋಕು ಹೊಡೆಯುತ್ತಾನೆ, ತಹಶೀಲ್ದಾರ್ ಹೊಡೆಯುತ್ತಾನೆ, ಮಂತ್ರಿ ಸುಮ್ನೆ ಕೆಸರಲ್ಲಿ ಜಾರಿ ಬೀಳುತ್ತಾನೆ. ಬಾಂಬಿಗೆ ಒಬ್ಬರೂ ಹೆದರುವುದಿಲ್ಲ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಹೊಳೆ ದಂಡೆಯ ಊರುಗಳಲ್ಲಿ ಎಂಥ ಭಯ ಇತ್ತು ಅಂತ ಕೊಪ್ಪಳದವರಾದ ನಿಮಗೆ ನಾನು ಹೇಳಬೇಕಾ? ಆ ಭಯ ಕಥೆಯಲ್ಲಿ ಬರಲಿ. ನಗು ತಾನಾಗಿ ಬರುತ್ತದೆ.

ನಿಜವಾಗಿ ನಡೆದದ್ದನ್ನೇ ನೋಡಿ. 1966ರ ಜನವರಿ 17ರಂದು ಸ್ಪೇನಿನ ಪಾಲೊಮಾರೆಸ್ ಊರಿನ ಮೇಲೆ ಅಮೆರಿಕದ ಬಿ-52 ವಿಮಾನ ಇಂಧನ ತುಂಬಿಸಿಕೊಳ್ಳಲು ಹೋಗಿ ಟ್ಯಾಂಕರ್ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಅದರಲ್ಲಿದ್ದ 4 ಹೈಡ್ರೋಜನ್ ಬಾಂಬುಗಳಲ್ಲಿ 3 ನೆಲಕ್ಕೆ ಬಿದ್ದವು, ಒಂದು ಸಮುದ್ರಕ್ಕೆ. ಅದು ಬಿದ್ದದ್ದನ್ನು ಕಣ್ಣಾರೆ ಕಂಡವರು ಫ್ರಾನ್ಸಿಸ್ಕೊ ಸಿಮೊ ಅನ್ನುವ ಮೀನುಗಾರ. ಅಷ್ಟು ದೊಡ್ಡ ನೌಕಾಪಡೆ ಬಂದು ಹುಡುಕಿದರೂ ಕೊನೆಗೆ ಬಾಂಬು ಸಿಕ್ಕಿದ್ದು ಅವರು ತೋರಿಸಿದ ಜಾಗದ ಸುತ್ತಮುತ್ತಲೇ. ಇನ್ನೊಂದು ಕೇಳಿ: ನೀರಿನಿಂದ ಅಪಾಯವಿಲ್ಲ ಅಂತ ತೋರಿಸೋಕೆ ಮಾರ್ಚ್‌ನಲ್ಲಿ ಅಲ್ಲಿನ ಮಂತ್ರಿ ಮ್ಯಾನುಯೆಲ್ ಫ್ರಾಗಾ ಮತ್ತು ಅಮೆರಿಕದ ರಾಯಭಾರಿ ಕ್ಯಾಮೆರಾ ಮುಂದೆ ಸಮುದ್ರಕ್ಕಿಳಿದು ಈಜಿದರು, ಆಗ ಬಾಂಬು ಇನ್ನೂ ತಳದಲ್ಲೇ ಇತ್ತು, ಮೇಲೆತ್ತಿದ್ದು ಏಪ್ರಿಲ್‌ನಲ್ಲಿ! ಅವರಲ್ಲಿ ಯಾರೂ ಜೋಕು ಮಾಡುತ್ತಿರಲಿಲ್ಲ ಅಲ್ವಾ?

ನಿಮ್ಮಲ್ಲೂ ಹರಿಗೋಲಿನ ಅಜ್ಜ ಇದ್ದಾನೆ. ಒಂದೇ ದೃಶ್ಯಕ್ಕೆ ಬಂದು, ಕುಡಿದು ಮಾತಾಡಿ ಹೋಗಿಬಿಡುತ್ತಾನೆ. ಇದು ನನಗೆ ನಿಜಕ್ಕೂ ಬೇಸರ ತಂದಿತು. ಹಿನ್ನೀರಿನ ಆಳ ಬಲ್ಲವನು ಅವನೊಬ್ಬನೇ. ಅವನ ಕುಡಿತ ತೆಗೆಯಿರಿ. "ಇಲ್ಲೇ ಬಿದ್ದೈತ್ರಿ ಸಾಹೇಬ್ರ, ನಾನಾ ನೋಡೀನಿ" ಅಂತ ಅವನು ಕಚೇರಿಯಿಂದ ಕಚೇರಿಗೆ ಅಲೆಯಲಿ, ಪ್ರತಿ ಟೇಬಲ್ಲಿನಲ್ಲೂ ಅವನ ಆಧಾರ್ ಕಾರ್ಡು ಕೇಳಲಿ, ಅರ್ಜಿ ಬರೆಸಲಿ, ನಾಳೆ ಬಾ ಅನ್ನಲಿ. ಗುಮಾಸ್ತರನ್ನು ಕೆಟ್ಟವರಾಗಿ ಮಾಡಬೇಡಿ, ಪಾಪ, ಅಣುಬಾಂಬಿಗೆ ಯಾವ ಫಾರಂ ಅಂತ ಅವರಿಗಾದರೂ ಹೇಗೆ ಗೊತ್ತಾಗಬೇಕು?

ವಿಮಾನ ನಮ್ಮ ಆಕಾಶಕ್ಕೆ ಹೇಗೆ ಬಂತು ಅನ್ನುವ ವಿವರಣೆ ಜಾಸ್ತಿಯಾಗಿದೆ, ಅರ್ಧ ಪುಟ ಸಾಕು. ಮಾತು ಕೊಪ್ಪಳದ್ದೇ ಇರಲಿ, ಟಿವಿ ಕಾಮಿಡಿ ಷೋದ್ದು ಬೇಡ.

ಈಗಲೇ ಎಲ್ಲ ತಿದ್ದಲು ಕೂರಬೇಡಿ. ಅಜ್ಜ ಮೊದಲ ಸಲ ತಾಲ್ಲೂಕು ಕಚೇರಿಗೆ ಹೋಗುವ ದೃಶ್ಯವೊಂದನ್ನು ಹೊಸದಾಗಿ ಬರೆದು ಕಳಿಸಿ, ಅದನ್ನು ಓದಿ ಫೋನ್ ಮಾಡುತ್ತೇನೆ.